ಕೂತುಕೊಳ್ಳಿ, ಎಂತ ಅವಸರ?

ಮನೆಗೆ ಬಂದವರ ಹೆಸರು ಕೇಳುವ ಮೊದಲೇ ‘ಕೂತುಕೊಳ್ಳಿ’ ಎನ್ನುವುದು ನನ್ನ ಹಳೆಯ ಚಾಳಿ. ಕರೆಂಟಿನ ಮೀಟರ್ ನೋಡಲು ಬಂದವನನ್ನೂ ವಿಳಾಸ ತಪ್ಪಿ ಬಂದವನನ್ನೂ ಕೂರಿಸಿ ಚಹಾ ಕುಡಿಸಿದ್ದೇನೆ. ಕುಲಶೇಖರದಲ್ಲಿ ಇಪ್ಪತ್ತು ವರ್ಷ ಹೋಟೆಲು ನಡೆಸಿದವನ ಬಾಯಿಗೆ ಬೇರೆ ಮಾತು ಬರುವುದಾದರೂ ಹೇಗೆ? ಉಪಚಾರವೂ ಅಪಚಾರವಾದೀತೆಂದು ನನಗೆ ಕಲಿಸಿದವರು, ಎಂಬತ್ತರ ದಶಕದ ಆರಂಭದಲ್ಲಿ, ಕೂರಲು ಒಪ್ಪದ ಒಬ್ಬ ಹೆಂಗಸು.

ಹೋಟೆಲಿನ ಪಕ್ಕದ ಕೊಡೆ ಅಂಗಡಿಯ ಅಬ್ಬಾಸ್ ನನ್ನ ಮಧ್ಯಾಹ್ನಗಳ ಜೊತೆಗಾರ. ಅವನ ಎಡಗೆನ್ನೆಯಲ್ಲಿ ಸದಾ ಹೊಗೆಸೊಪ್ಪಿನ ಕವಳ, ಅದನ್ನು ಒದಗಿಸುವ ಎಲೆಯಡಿಕೆಯ ಹರಿವಾಣ ನನ್ನದು. ಆ ಕೆನ್ನೆಯೊಳಗೆ ಒಂದು ಹುಣ್ಣು ಎದ್ದು ಗಟ್ಟಿಯಾಯಿತು. ಅವನ ಅಕ್ಕ ಐಸಮ್ಮ ಶಕ್ತಿನಗರದಿಂದ ನಡೆದು, ತಮ್ಮನನ್ನು ಡಾಕ್ಟರಲ್ಲಿಗೆ ಎಳೆದೊಯ್ಯಲೆಂದೇ ಮೂರು ಸಲ ಬಂದರು. ಮೂರು ಸಲವೂ ನಾನು ಅವರನ್ನು ಕೂರಿಸಿದೆ. ಬಿಸಿ ಗೋಳಿಬಜೆ ತರಿಸಿ, ಸುಣ್ಣ ಹೆಚ್ಚಾದ ಗಾಯವೆಂದು ಮ್ಯಾಟ್ರಿಕ್ಕನ್ನು ಎರಡನೇ ಯತ್ನದಲ್ಲಿ ಪಾಸು ಮಾಡಿದವನ ಗಾಂಭೀರ್ಯದಿಂದ ವಿವರಿಸಿದೆ. ಸಿಟ್ಟಿನಿಂದ ಬಂದವರು ಸಮಾಧಾನದಿಂದ ಮರಳಿದರು. ನಿಜ ಹೇಳುತ್ತೇನೆ: ಅದು ಸುಣ್ಣದ ಗಾಯವಲ್ಲವೆಂಬ ಸಂಶಯ ನನಗಿತ್ತು. ಆಸ್ಪತ್ರೆಗೆ ಹೋದವನು ಮಧ್ಯಾಹ್ನ ಮಾತಿಗೆ ಸಿಗಲಾರನೆಂಬ ಭಯ ಅದಕ್ಕಿಂತ ದೊಡ್ಡದಿತ್ತು.

ನಾಲ್ಕನೇ ಸಲ ಅವರು ಹೊಸ್ತಿಲಲ್ಲೇ ನಿಂತರು.

“ಕೂತುಕೊಳ್ಳಿ ಐಸಮ್ಮಕ್ಕ, ಎಂತ ಅವಸರ?” ಎಂದೆ.

“ಬೇಡ ಶೆಟ್ರೆ. ನಿಮ್ಮ ಬೆಂಚಲ್ಲಿ ಕೂತರೆ ಬಂದ ಕೆಲಸ ಮರೆತುಹೋಗ್ತದೆ. ಅವನನ್ನು ಏಳಿಸಿ.”

ಅಬ್ಬಾಸ್ ಕವಳ ಉಗಿದು ಎದ್ದ.

ಕ್ಯಾನ್ಸರಿನ ಆಪರೇಷನ್ನಿನಲ್ಲಿ ಕೆಳದವಡೆಯ ಅರ್ಧ ಹೋಯಿತು, ಜೀವ ಉಳಿಯಿತು. ಕೆಲವು ತಿಂಗಳು ಮೊದಲು ಬಂದಿದ್ದರೆ ದವಡೆಯೂ ಉಳಿಯುತ್ತಿತ್ತೆಂದು ಡಾಕ್ಟರು ಹೇಳಿದಾಗ ಐಸಮ್ಮ ನನ್ನತ್ತ ನೋಡಲಿಲ್ಲ. ಆ ದಯೆಯನ್ನು ಇಂದಿಗೂ ಹೊತ್ತುಕೊಂಡಿದ್ದೇನೆ. ಅದೇ ಡಾಕ್ಟರು ಒಂದು ದಿನ ನನಗೆ ಸೂಕ್ಷ್ಮದರ್ಶಕದಲ್ಲಿ ಆ ಗಡ್ಡೆಯ ತುಣುಕನ್ನು ತೋರಿಸಿದರು. ಅಂಚಿನಲ್ಲಿ ನೀಲಿ ರಾಗಿಕಾಳಿನಂಥ ಚುಕ್ಕಿಗಳು ಗುಂಪುಗಟ್ಟಿದ್ದವು.

“ಇವರು ಮೈಯ ಕಾವಲಿನವರು. ಬಂದಿದ್ದಾರೆ, ಆದರೆ ಕೆಲಸ ಮಾಡುವುದಿಲ್ಲ. ಅಲ್ಲಿ ಎಂತದೋ ಉಂಟು ಮಾರಾಯ್ರೆ, ಇವರನ್ನು ಸುಮ್ಮನೆ ಕೂರಿಸ್ತದೆ.”

ಆ ‘ಎಂತದೋ’ ಏನೆಂದು ಈಗ ಪತ್ರಿಕೆಗಳಲ್ಲಿ ಓದುತ್ತೇನೆ. ಗಡ್ಡೆ ಸುತ್ತಲಿನ ಸಕ್ಕರೆಯನ್ನೆಲ್ಲ ತಾನೇ ತಿಂದು ಆ ಜಾಗವನ್ನು ಹುಳಿಯಾಗಿಸುತ್ತದಂತೆ. ಹೊಡೆಯಲು ಬಂದ ಕಣಗಳಿಗೆ ಶಾಂತಿಯ ಸನ್ನೆ ಮಾಡಿ ಅವುಗಳ ಕೈ ಇಳಿಸುತ್ತದಂತೆ. ಮೈಯದೇ ಆದ ಕೆಲವು ಕಣಗಳನ್ನು ಒಲಿಸಿಕೊಂಡು ಅವುಗಳಿಂದಲೇ ಕಾವಲಿನವರನ್ನು ತಡೆಸುತ್ತದಂತೆ. ಅಷ್ಟಾದರೂ ಕಾವಲಿನ ಕಣಗಳು ಮತ್ತೆ ಮತ್ತೆ ಅಲ್ಲಿಗೆ ಬರುತ್ತವೆ ಎಂದು ಓದಿದಾಗಲೆಲ್ಲ ನನಗೆ ಕಾಣುವುದು ಬಿಸಿಲಲ್ಲಿ ನಡೆದು ಬರುವ ಐಸಮ್ಮನೇ. ಗಡ್ಡೆ ಒಲಿಸಿಕೊಂಡ ಕಣಗಳೋ, ಪರಕೀಯವಲ್ಲ, ಪಾಪ, ಸ್ವಂತದವೇ. ಬಹುಶಃ ಗೋಳಿಬಜೆಯನ್ನೂ ಕೊಡುತ್ತವೆ.

ಮೊನ್ನೆ ಪಕ್ಕದ ಮನೆಯ ಸೊಸೆ ಏದುಸಿರಿನಲ್ಲಿ ಬಂದಳು. ಅತ್ತೆ ಎದೆಯ ಗಂಟನ್ನು ಮುಚ್ಚಿಟ್ಟಿದ್ದಾರೆ, ಯಾರ ಮಾತನ್ನೂ ಕೇಳುತ್ತಿಲ್ಲ ಎಂದಳು. ‘ಕೂತು...’ ಎಂಬಷ್ಟು ನಾಲಿಗೆಗೆ ಬಂದೇ ಬಿಟ್ಟಿತ್ತು. ಅದನ್ನು ನುಂಗಿ, ಮೊಣಕಾಲು ಹಿಡಿದುಕೊಂಡು ನಾನೇ ಎದ್ದು ಚಪ್ಪಲಿ ಹುಡುಕಿದೆ.