ಸೋಮವಾರವಿಲ್ಲದ ಚೌಕ

ಇಬ್ಬರೇ ಬಂಡಿಯವರಿದ್ದರು ಎಂದು ಬರೆದು ಅನುಮಾನಿಸುತ್ತಿದ್ದೇನೆ. ಮೂವರಿದ್ದರೇನೋ. ಲೆಕ್ಕ ಸಲೀಸಾಗಲಿ ಎಂದು ನನ್ನ ನೆನಪೇ ಒಬ್ಬನನ್ನು ಅಳಿಸಿರಬಹುದು. ಈಗ ಕಣ್ಣಿಗೆ ಕಟ್ಟುವುದು ಇಬ್ಬರೇ.

ನಿಜಾಮರ ಆಳ್ವಿಕೆಯ ಕಾಲ. ಕಮಲಾಪುರದ ಕೆಂಪುಬಾಳೆಯ ಸಾಹುಕಾರರ ಹತ್ತಿರ ನಾನು ಗುಮಾಸ್ತನಾಗಿದ್ದೆ. ಆ ಭಾನುವಾರ ಎರಡು ಹೇರು ಹೊರಡಬೇಕಿತ್ತು. ಒಂದು ಪಕ್ಕದ ಹಳ್ಳಿಗೆ. ಇನ್ನೊಂದು ಕಲಬುರಗಿಗೆ, ಶರಣಬಸವೇಶ್ವರ ಗುಡಿಯ ಹತ್ತಿರದ ಅಂಗಡಿಗೆ. ಶ್ರಾವಣ ಸೋಮವಾರ ಬಿಸಿಲೇರುವ ಮೊದಲು ಅದು ಮುಟ್ಟಬೇಕು. ಬಂಡಿಯವರಲ್ಲಿ ಒಬ್ಬ ನಾವು ಚಾಚಾ ಎನ್ನುತ್ತಿದ್ದ ಗಟ್ಟಿಮುಟ್ಟಾದ ಆಳು. ಇನ್ನೊಬ್ಬರು ಮುತ್ಯಾ, ಅವರಷ್ಟೇ ಅವರ ಎತ್ತುಗಳಿಗೂ ವಯಸ್ಸಾಗಿತ್ತು. ಇನ್ನೊಮ್ಮೆ ತಡವಾದರೆ ಮುತ್ಯಾನ ಬಂಡಿಗೆ ಹೇರು ಇಲ್ಲ ಎಂದು ಸಾಹುಕಾರರು ಹೇಳಿಬಿಟ್ಟಿದ್ದರು. ಮುತ್ಯಾನಿಗೆ ಆ ಬಂಡಿ ಬಿಟ್ಟರೆ ಬೇರೆ ಬದುಕಿರಲಿಲ್ಲ.

ಯಾರು ಎಲ್ಲಿಗೆ ಎಂಬ ಜಗಳ ತೀರಿಸಲು ಬಳಪ ಹಿಡಿದು ಪಾಟಿಯ ಮೇಲೆ ನಾಲ್ಕು ಚೌಕ ಗೀಚಿದೆ. ಅಡ್ಡಸಾಲಿಗೊಬ್ಬ ಬಂಡಿಯವ, ಉದ್ದಸಾಲಿಗೊಂದು ಊರು, ಒಳಗೆ ಹಿಡಿಯುವ ತಾಸು. ಚಾಚಾನಿಗೆ ಹಳ್ಳಿ ಮೂರು, ಕಲಬುರಗಿ ಒಂಬತ್ತು. ಮುತ್ಯಾನಿಗೆ ನಾಲ್ಕು, ಹದಿನಾಲ್ಕು. ಎಲ್ಲಕ್ಕಿಂತ ಚಿಕ್ಕದು ಮೂರು. ಅದಕ್ಕೆ ಗೆರೆ ಸುತ್ತಿದೆ. ಉಳಿದದ್ದು ಮುತ್ಯಾನ ಪಾಲಿಗೆ ಬಂತು.

ಚಾಚಾ ನಕ್ಕ. "ಅರೇ ಮುನ್ಶಿ, ಸಣ್ಣ ಅಂಕಿ ಕಂಡ್ರ ಇಲಿ ರೊಟ್ಟಿ ಕಂಡಂಗ ಹಾರ್ತೀರಲ್ಲರೀ! ಎರಡೂ ಬಂಡಿ ಕೂಡಿಸಿ ನೋಡ್ರಿ."

ನಾನು ಕೂಡಿಸಲಿಲ್ಲ. ಅವರಿಬ್ಬರನ್ನು ಅದಲುಬದಲು ಮಾಡಿದ್ದರೆ ಹದಿನೇಳರ ಬದಲು ಹದಿಮೂರೇ ತಾಸು.

ದೀಪ ಹಚ್ಚುವ ಹೊತ್ತಿಗೆ ಮುತ್ಯಾನ ಬಂಡಿ ಹೊರಟಿತು. ನಾನೂ ಹತ್ತಿ ಕೂತೆ. ಕಲಬುರಗಿ ಹತ್ತಿರದ ಕಪನೂರು ದಾಟುವಾಗ ಸೂರ್ಯ ಹುಟ್ಟಿದ. ಮುತ್ಯಾ ಬಂಡಿ ನಿಲ್ಲಿಸಿ ನೊಗ ಇಳಿಸಿದರು.

"ಯಾಕ ಮುತ್ಯಾ? ಊರು ಬಂತಲ್ಲ!"

"ಸೋಮವಾರನೂ ಬಂತು ತಮ್ಮಾ. ಇವತ್ತು ಬಸವಣ್ಣನ ಹೆಗಲಿಗೆ ನೊಗ ಇಡಂಗಿಲ್ಲ."

"ನಿನ್ನೆನೇ ಹೇಳಬಾರದಾ?"

"ನಿನಗ ಹೇಳಬೇಕೇನು? ನೀ ನಮ್ಮ ಮಂದಿನೇ. ಹೊತ್ತು ಹುಟ್ಟೂದ್ರಾಗ ಮುಟ್ಟತೀವಿ ಅಂತ ಪಾಟಿ ಮ್ಯಾಲ ಹಾಕೀದಿ ಅನ್ಕೊಂಡೆ."

ನಮ್ಮ ಮನೆಯಲ್ಲೂ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆಯುವುದಿಲ್ಲ, ನಾನೂ ಬರೆದಿರಲಿಲ್ಲ. ಮುತ್ಯಾನ ಆ ಚೌಕದಲ್ಲಿ ಇರಬೇಕಾದದ್ದು ಹದಿನಾಲ್ಕಲ್ಲ. ಯಾವ ಅಂಕಿಯೂ ಅಲ್ಲ. ಅಲ್ಲೊಂದು ಅಡ್ಡಗೀಟು ಎಳೆದು ಮುಚ್ಚಬೇಕಿತ್ತು.

ದಾರಿಯಲ್ಲಿ ಸಿಕ್ಕ ಕೂಲಿಗಳ ತಲೆಯ ಮೇಲೆ ಗೊನೆಗಳು ಹೋದವು. ನಾನೂ ಎರಡು ಹೊತ್ತೆ. ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ನಾನು ತಿರುಗಿ ಬಂದಾಗ ಮುತ್ಯಾ ಬಂಡಿ ಬಿಟ್ಟ ಜಾಗದಲ್ಲೇ ಎತ್ತುಗಳ ಬಳಿ ಕೂತು ಅವುಗಳ ಹೆಗಲು ತಿಕ್ಕುತ್ತಿದ್ದರು.

ತಪ್ಪು ನನ್ನದೆಂದು ಸಾಹುಕಾರರಿಗೆ ಹೇಳಿದೆ. ಅಂದೇ ಹೇಳಿದೆನೋ, ಧೈರ್ಯ ಬರಲು ನಾಲ್ಕು ದಿನ ಹಿಡಿಯಿತೋ, ಖಚಿತವಾಗಿ ಹೇಳಲಾರೆ. ಮುಂದಿನ ಭಾನುವಾರ ಮುತ್ಯಾನ ಬಂಡಿ ಬರಲಿಲ್ಲ. ಸಾಹುಕಾರರು ಬೇಡವೆಂದರೋ, ಮುತ್ಯಾ ತಾವೇ ಬರುವುದು ಬಿಟ್ಟರೋ, ನಾನು ಕೇಳಲಿಲ್ಲ. ಇಂದಿಗೂ ನನಗೆ ಗೊತ್ತಿಲ್ಲ.