ಅರ್ಧ ತಾಸಿನ ದವಾಖಾನೆ

ನನ್ನ ಜೊತೆ ಓದಿದವನೊಬ್ಬ ರಾಯಚೂರಿನಲ್ಲಿ ಹೊಸ ತರಹದ ದವಾಖಾನೆ ತೆರೆದಿದ್ದಾನೆ. ತಿಂಗಳಿಗಿಷ್ಟು ಅಂತ ಕಟ್ಟಿಬಿಟ್ಟರೆ ಮುಗಿಯಿತು, ಯಾವಾಗ ಬೇಕಾದರೂ ಹೋಗಬಹುದು, ಫೋನ್ ಮಾಡಬಹುದು. ಒಬ್ಬೊಬ್ಬರಿಗೆ ಅರ್ಧ ತಾಸು ಕೊಡುತ್ತಾನಂತೆ. ಅರ್ಧ ತಾಸು! ದೇವದುರ್ಗದ ಕಡೆ ನಾನು ರಾಯಚೂರಿನಿಂದ ದಿನಾ ಹೋಗಿಬರುವ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅಷ್ಟರೊಳಗೆ ಅರ್ಧ ವರಾಂಡ ಖಾಲಿಯಾಗಿರುತ್ತದೆ. ನಾಲಿಗಿ ಹೊರಗ ಹಾಕ್ರಿ, ಉಸುರು ಎಳ್ಕೋರಿ, ಚೀಟಿ ಹಿಡೀರಿ, ಮುಂದಿನವರು ಬರ್ರಿ. ನಡುನಡುವೆ ಮೀಟಿಂಗು, ವರದಿ, ಹಾವು ಕಚ್ಚಿಸಿಕೊಂಡು ಬಂದವರು.

ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾದೀತು. ನನ್ನ ನೋಟ್ಸ್ ಓದಿ ಪಾಸಾದ ಮನುಷ್ಯ ಅವನು. ಈಗ ಸಂಜೆಯಾದರೂ ಅವನ ಅಂಗಿಯ ಇಸ್ತ್ರಿ ಮುರಿದಿರುವುದಿಲ್ಲ, ಮಧ್ಯಾಹ್ನ ಮನೆಗೆ ಹೋಗಿ ಬಿಸಿ ರೊಟ್ಟಿ ತಿನ್ನುತ್ತಾನೆ. ಮಾನ್ವಿಯ ಮದುವೆಮನೆಯೊಂದರಲ್ಲಿ ಬೀಗರು ಅವನನ್ನು ಹಾಡಿ ಹೊಗಳಿದಾಗ, ದುಡ್ಡಿದ್ದವರ ಡಾಕ್ಟರ್ ಬಿಡ್ರಿ ಎಂದು ಮೂಗು ಮುರಿದೆ. ಬಡವರನ್ನು ನೋಡುವವರು ನಾವು ಎಂಬ ಹಮ್ಮು ಬೇರೆ.

ಅಂಥದರಲ್ಲಿ ಒಂದು ಬೆಳಿಗ್ಗೆ ಸಕ್ಕರೆ ಡಬ್ಬಿಯ ಹಿಂದೆ ಬಿಪಿ ಗುಳಿಗೆ ಕಂಡವು. ನನಗೆ ಬಿಪಿಯಿಲ್ಲ. ಯಾರವು ಎಂದರೆ ಹೆಂಡತಿ, ತನ್ನವೇ ಎಂದಳು. ಬರೆದುಕೊಟ್ಟವನು ಯಾರೆಂದರೆ ಅವನ ಹೆಸರೇ ಹೇಳಿದಳು. ತನ್ನ ಶಾಲೆಯ ಸಂಬಳದಲ್ಲಿ ಅವನ ಹತ್ತಿರ ತಿಂಗಳ ಫೀ ಕಟ್ಟುತ್ತಿದ್ದಳಂತೆ. ಗುಳಿಗೆಯ ಪಟ್ಟಿಯನ್ನು ಅವಳ ಮುಂದೆ ಹಿಡಿದೆ.

"ಮನ್ಯಾಗ ಡಾಕ್ಟರ್ ಇಟ್ಕೊಂಡು ಅಲ್ಲಿಗ್ಯಾಕ ಹೋಗಿದ್ದಿ?"

ಆಕೆ ಪುಂಡಿಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದಳು. ಸಿಟ್ಟೇನೂ ಇರಲಿಲ್ಲ.

"ನಿಮಗೂ ಹೇಳಿದ್ನಿರಿ, ತಲಿ ಭಾಳ ತಿರಗ್ತದ ಅಂತ. ಉಣ್ಣಾಕತ್ತಿದ್ರಿ. ಮುಖ ಎತ್ತಲಾರದ, ಒಂದು ಗುಳಿಗಿ ತಗೋರಿ, ಮುಂದಿನವರು ಬರ್ರಿ ಅಂದ್ರಿ. ನಾ ಹೊಳ್ಳಿ ನೋಡಿದೆ. ಹಿಂದ ಯಾರೂ ಇದ್ದಿದ್ದಿಲ್ಲ."

ನಾನು ಹಾಗೆ ಅಂದದ್ದು ನನಗೆ ನೆನಪೇ ಇಲ್ಲ. ಅಂದಿರುತ್ತೇನೆ. ಆದರೂ ತಪ್ಪಾಯಿತು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಅರ್ಧ ತಾಸು ಅವನ ಮುಂದೆ ಕೂತು ನೀನು ಏನೇನು ಹೇಳಿಕೊಂಡೆ ಎಂದು ಕೇಳಿದೆ.

"ಹೇಳ್ತೀನಿ, ಕುಂದರ್ರಿ," ಅಂದಳು.

ಕೂಡಬೇಕೆಂದೇ ಇತ್ತು. ಆದರೆ ಆಗಲೇ ಚಪ್ಪಲಿ ಮೆಟ್ಟಿದ್ದೆ, ದೇವದುರ್ಗದ ಬಸ್ಸಿನ ಹೊತ್ತಾಗಿತ್ತು, ವರಾಂಡ ತುಂಬಿರುತ್ತದೆ, ಅಲ್ಲಿ ನನ್ನ ಬಿಟ್ಟರೆ ಇನ್ನೊಬ್ಬ ಡಾಕ್ಟರ್ ಇಲ್ಲ. ಸಂಜೆ ಹೇಳು ಎಂದು ಹೊರಟೆ. ದಾರಿಯುದ್ದಕ್ಕೂ ಉರಿದುಕೊಂಡೇ ಹೋದೆ. ನನ್ನ ಹೆಂಡತಿಗೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತು, ನನಗೆ ಗೊತ್ತಿಲ್ಲ.