ಕ್ಯಾಸೆಟ್ಟಿನ ಎರಡನೆಯ ಬಾಜು

ಶಾಂತಾ, ನಿನ್ನ ಗಂಡನ ದನಿ ಅಳಿಸಿದವಳು ನಾನು. ಕ್ಯಾಸೆಟ್ಟು ಹಳೆಯದಾಗಿ ಹಾಳಾದದ್ದಲ್ಲ. ಕೈ ತಪ್ಪಿ ಆದದ್ದೂ ಅಲ್ಲ — ನಮ್ಮ ಟೇಪ್‌ರೆಕಾರ್ಡರಿನಲ್ಲಿ ಕೆಂಪು ಗುಂಡಿ ಮತ್ತು ಅದರ ಪಕ್ಕದ ಗುಂಡಿ, ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಹಳೆಯದು ಅಳಿಯುತ್ತದೆ. ಎರಡು ಬೆರಳು ಬೇಕು. ನಾನು ಎರಡೂ ಇಟ್ಟೆ.

ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು, ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ.

ನನ್ನ ಮದುವೆಯ ದಿನ ನಿನಗೆ ಮರೆತಿರಲಿಕ್ಕಿಲ್ಲ. ಖಾನಾಪುರದಲ್ಲಿ ನಿಮ್ಮ ಹೊಸ್ತಿಲ ಮುಂದೆ ನಿಲ್ಲಿಸಿ, ಗಂಡನ ಹೆಸರಿಟ್ಟು ಒಡಪು ಕಟ್ಟಿ ಹೇಳಿದರೇ ಒಳಗೆ ಬಿಡುವುದು ಎಂದಿರಿ. ಅವ್ವ ಕಲಿಸಿದ ಒಡಪು ಅರ್ಧಕ್ಕೆ ಮರೆತುಹೋಯಿತು. ಬಾಯಿಗೆ ಬಂದದ್ದು ಬರೀ ಹೆಸರು — "ಮಲ್ಲಪ್ಪಾ!" — ರಾಯರು ಎಂಬುದೂ ಇಲ್ಲ, ಎತ್ತನ್ನು ಕೂಗಿದ ಹಾಗೆ. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ನಾದಿನಿ ನೀನು, ಹದಿನಾರರ ಹುಡುಗಿ, ಮನೆಗೆ ಬಂದ ಹೊಸ ಟೇಪು ಹಿಡಿದು ಅದನ್ನೆಲ್ಲ ತುಂಬಿಕೊಂಡೆ.

ಒಂದು ದಿನ ನಗಲಿ. ನೀನು ಜನ್ಮವಿಡೀ ನಗಿಸಿದೆ. ನನ್ನ ಮಕ್ಕಳ ತೊಟ್ಟಿಲ ಕಾರ್ಯದಲ್ಲಿ ಆ ಕ್ಯಾಸೆಟ್ಟು ಹಚ್ಚಿದೆ. ನನ್ನ ಸೊಸೆ ಮನೆ ತುಂಬಿದ ದಿನ ಅವಳನ್ನು ಹತ್ತಿರ ಕರೆದು, "ಬಾರವಾ, ನಿಮ್ಮತ್ತಿ ಎತ್ತ ಕರದದ್ದ ಕೇಳ ಬಾ" ಎಂದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದು ನಗೆ ತಡೆಯಲಿಕ್ಕೆ — ನನಗೆ ಕಾಣುತ್ತಿತ್ತು.

ಎರಡು ವರ್ಷದ ಹಿಂದೆ ನಿನ್ನ ಮಗ ರವಿ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಲು ಹೊರಟ. ನಡೆಯುವ ಟೇಪು ಉಳಿದಿದ್ದದ್ದು ಹಿಂದವಾಡಿಯ ನಮ್ಮ ಮನೆಯಲ್ಲಿ ಮಾತ್ರ. ನೀನು ಫೋನು ಮಾಡಿದೆ. "ವೈನಿ, ಇನ್ನ ನಿಮ್ಮ ಒಡಪು ಎಲ್ಲಾರ ಮೊಬೈಲ್‌ನ್ಯಾಗೂ ಬರತೈತಿ ನೋಡ್ರಿ! ಮರಿಮಕ್ಕಳೂ ಕೇಳಿ ನಗ್ತಾವ."

ಕ್ಯಾಸೆಟ್ಟು ಎಂದಾದರೂ ಹರಿದುಹೋದೀತು ಎಂದು ಕಾಯುತ್ತಿದ್ದವಳು ನಾನು. ಇದು ಹರಿಯುವುದೇ ಇಲ್ಲವಂತೆ.

ಮರುದಿನ ರವಿ ಬಂದು ತಂತಿ ಜೋಡಿಸುವಷ್ಟರಲ್ಲಿ ಆಟೋ ನಗರದ ಅವನ ಗ್ಯಾರೇಜಿನಿಂದ ಕರೆ ಬಂತು. "ಅತ್ತಿ, ಸಂಜೀಕ ಬರ್ತೀನ್ರಿ, ಅವ್ವನ ಕ್ಯಾಸೆಟ್ ಆಗ ಹಚ್ಚೂಣು" ಎಂದು ಕ್ಯಾಸೆಟ್ಟು ಅಲ್ಲೇ ಬಿಟ್ಟು ಹೋದ. ಅವನು ಗೇಟು ದಾಟಿದ ಮೇಲೆ ನನ್ನ ಒಡಪಿನ ಬಾಜು ಅಳಿಸಿದೆ. ಅದಕ್ಕೆ ನನಗೆ ಇಂದಿಗೂ ಬೇಸರವಿಲ್ಲ.

ಆಮೇಲೆ ತಿರುಗಿಸಿ ಹಾಕಿದೆ. ಅಲ್ಲಿ ನಿನ್ನ ಮದುವೆ. ರವಿ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡ ನಿನ್ನ ಗಂಡನ ದನಿ ಉಳಿದದ್ದು ಅದೊಂದರಲ್ಲೇ — ಗೊತ್ತಿತ್ತು. ಆ ಬಾಜು ಕೇಳಲು ನಿನಗೆ ಎದೆಯಾಗಿರಲಿಲ್ಲ, ಮಗನಿಗೂ ಕೇಳಿಸಿರಲಿಲ್ಲ — ಅದೂ ಗೊತ್ತಿತ್ತು. ನಾನು ಕೇಳಿದೆ, ನಿನ್ನ ಹೆಸರಿಟ್ಟು ಅವರು ಹೇಳಿದ ಒಡಪು. "ಮಲಪ್ರಭಾ ನೀರ ತಂಪ, ಸಂತ್ಯಾಗ ಮಲ್ಲಿಗಿ ಕಂಪ, ಶಾಂತಾ... ಶಾಂತಾ..." ಮುಂದಿನದು ಅವರಿಗೂ ಮರೆತಿತ್ತು! ಯಾರೂ ನಗಲಿಲ್ಲ. "ಅಳಿಯಂದಿರು ನಾಚ್ಯಾರ, ಸಾಕ ಬಿಡ್ರಿ" — ಅದು ನನ್ನ ಅತ್ತೆ, ನಿನ್ನ ಅವ್ವ. ಹೊಸ್ತಿಲಲ್ಲಿ ನನ್ನನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕವರು.

ಹಿಂದಕ್ಕೆ ಸುತ್ತಿದೆ. ಒತ್ತಿದೆ. ಬಾಜು ಮುಗಿಯುವವರೆಗೂ ಎದ್ದು ಹೋಗಲಿಲ್ಲ.

ಸಂಜೆ ರವಿ ಹಚ್ಚಿದಾಗ ಬರೀ ಸುಯ್ ಎಂಬ ಸಪ್ಪಳ. ಬಿಚ್ಚಿ ಒರೆಸಿದ, ತಿರುಗಿಸಿದ, ಮತ್ತೆ ಹಚ್ಚಿದ. "ಹಳೇದಾಗಿತ್ತಪಾ" ಎಂದೆ. ಆ ವಾರ ನೀನೇ ಬಂದೆ, ನನ್ನ ಕೈ ಹಿಡಿದುಕೊಂಡೆ. "ವೈನಿ, ನೀವು ಅಲ್ಲೇ ಇದ್ರಲ್ಲಾ... ಅವರು ಏನಂದಿದ್ರು, ನೆನಪೈತೇನ್ರಿ? ನಂಗ ನೀರ ತಂಪ ಅನ್ನೂದಷ್ಟ ಬರತೈತಿ, ಮುಂದಿಂದು ಬರವಲ್ದು."

"ಇಲ್ಲವಾ" ಎಂದೆ. ನೀನು ಅರ್ಧಕ್ಕೆ ಮರೆತು ನಿಂತದ್ದು ನೋಡಿ ನನಗೆ ಹಿತವಾಯಿತು, ಶಾಂತಾ. ಖರೇ ಹೇಳುತ್ತೇನೆ — ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಹೋದ ವಾರ ರವಿ ಬಂದಿದ್ದ. ಊಟ ಮಾಡುತ್ತಾ ಕೇಳಿದ, "ಅತ್ತಿ, ಅಪ್ಪನ ದನಿ ನನ್ನಂಗ ಇತ್ತೇನ್ರಿ?" ಆ ದನಿಯನ್ನು ಕೊನೆಗೆ ಕೇಳಿದವಳು ನಾನು. ರೊಟ್ಟಿ ತರುವ ನೆಪದಲ್ಲಿ ಒಳಗೆ ಹೋದೆ.

ಮೇಲೆ ಬರೆದ ಒಡಪಿನ ಮಾತುಗಳು ಅವರವೇ, ಒಂದೂ ಬಿಟ್ಟಿಲ್ಲ. ಆದರೆ ಎರಡನೆಯ ಸಲ ನಿನ್ನ ಹೆಸರು ಹೇಳುವಾಗ ದನಿ ತಗ್ಗಿತ್ತು, ನಗುತ್ತಿದ್ದರೋ ಏನೋ — ಅದನ್ನು ನಾನು ಎಲ್ಲಿಂದ ತಂದು ಕೊಡಲಿ...

ಸೋಮವಾರ ಖಾನಾಪುರಕ್ಕೆ ಬರುತ್ತೇನೆ. ರವಿಯನ್ನೂ ಕರೆಸು. ಇಬ್ಬರೆದುರೂ ಬಾಯಿಬಿಟ್ಟು ಹೇಳುತ್ತೇನೆ. ಚಹಾಕ್ಕೆ ಮೊದಲೇ ಇಡಬೇಡ, ಕೇಳಿದ ಮೇಲೂ ಮನಸ್ಸಾದರೆ ಇಡು.